ಸಾಲದೆಂಬ ಬಡತನ, ಸಾಕೆಂಬ ಸಿರಿ



ಎಳ್ಳ ಅಮಾವಾಸ್ಯೆ ಬಂತೆಂದರೆ ನಮ್ಮ ಎರೆಸೀಮೆಯ ಊರುಗಳಲ್ಲಿ ಮನೆಗಳಿಗೆ ಕದ ಬೀಳುತ್ತದೆ. ದೊಡ್ಡವರು, ಸಣ್ಣವರು, ಮನೆಗೆ ಬಂದ ಬೀಗರು ಎಲ್ಲರೂ ಹೊಲದ ಹಾದಿ ಹಿಡಿಯುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾದ ಹೋಳಿಗೆ, ಬದನೆಕಾಯಿ ಪಲ್ಯ, ಅಂಬಲಿಯ ಬುಟ್ಟಿಗಳು ತಲೆಯ ಮೇಲೆ ಸಾಗುತ್ತವೆ. ಭೂತಾಯಿಗೆ ಪೂಜೆ ಮಾಡಿ, ತಾವು ಉಣ್ಣುವ ಮೊದಲು ಹೊಲದ ನಾಲ್ಕೂ ದಿಕ್ಕಿಗೆ ಅಡಿಗೆಯನ್ನು ಚೆಲ್ಲಿ ಬರುತ್ತಾರೆ. ಅದಕ್ಕೆ ಚರಗವೆನ್ನುತ್ತೇವೆ. ಆಮೇಲೆ ಹಾದಿಯಲ್ಲಿ ಹೋಗುವವರನ್ನೂ ಕೂಗಿ ಕರೆದು ಊಟಕ್ಕೆ ಕೂಡಿಸುತ್ತಾರೆ.

ಈ ಹಬ್ಬದ ಕಾಲವನ್ನು ನೀವು ವಿಚಾರ ಮಾಡಿರಿ. ಬಿಳಿಜೋಳ ಇನ್ನೂ ಹೊಲದಲ್ಲಿ ನಿಂತಿದೆ. ತೆನೆ ಹಾಲುಗಾಳು ಹಿಡಿಯುವ ಹೊತ್ತು. ಹಕ್ಕಿ ತಿನ್ನಬಹುದು, ಅಕಾಲಿಕ ಮಳೆ ಹೊಡೆಯಬಹುದು, ತೇವ ಹಾರಿ ಕಾಳು ಜೊಳ್ಳಾಗಬಹುದು. ಒಂದು ಚೀಲವೂ ಮನೆಗೆ ಬಂದಿಲ್ಲ. ಹೀಗಿರುವಾಗ ಒಕ್ಕಲಿಗ ಲೆಕ್ಕ ಹಾಕುತ್ತ ಕೂಡುವುದನ್ನು ಬಿಟ್ಟು, ಬಂದ ಬೆಳೆಯೇ ಎಂಬಂತೆ ಕೈ ತುಂಬ ಅನ್ನ ಚೆಲ್ಲುತ್ತಾನೆ. "ಬೆಳೆ ಬಂದ ಮೇಲೆ ಕೊಟ್ಟೇನು" ಎನ್ನುವುದಿಲ್ಲ, ಕೊಟ್ಟೇ ಕಾಯುತ್ತಾನೆ. ಇದು ಹುಚ್ಚುತನವೋ, ಶಾಣ್ಯಾತನವೋ? ಈ ಸಂಚಿಕೆಯಲ್ಲಿ ಇದೇ ಪ್ರಶ್ನೆಯನ್ನು ನಿಮ್ಮೊಡನೆ ಕೂತು ಬಿಡಿಸಬೇಕೆಂದಿದ್ದೇವೆ.

ನಿಜವಾದ ಕೊರತೆ, ಕೊರತೆಯ ಅಂಜಿಕೆ

ಮನುಷ್ಯನ ಬದುಕು ಎರಡು ಸಣ್ಣ ಮಾತುಗಳ ನಡುವೆ ಓಡಾಡುತ್ತದೆ. ಒಂದು "ಸಾಲದು", ಇನ್ನೊಂದು "ಸಾಕು". ಇದ್ದವನ ಮನೆಯಲ್ಲಿ "ಸಾಲದು" ಎಂಬ ಮಾತೇ ಬೆಳಗಿನಿಂದ ಸಂಜೆಯವರೆಗೆ ಕೇಳುವುದುಂಟು. ಇಲ್ಲದವನ ಮನೆಯಲ್ಲಿ "ಸಾಕು, ಬರ್ರಿ, ಕೂಡ್ರಿ, ಒಂದು ರೊಟ್ಟಿ ತಿನ್ರಿ" ಎಂಬ ಮಾತು ಕೇಳುವುದೂ ಉಂಟು.

ಆದರೆ ಇಲ್ಲಿ ನಾವು ಎಚ್ಚರದಿಂದ ಮಾತನಾಡಬೇಕು. ಹಸಿದವನ ಮುಂದೆ ನಿಂತು "ಮನಸ್ಸಿನಲ್ಲಿ ಸಿರಿ ತಂದುಕೋ, ಎಲ್ಲ ಸರಿಹೋಗುತ್ತದೆ" ಎನ್ನುವುದು ಧರ್ಮವಲ್ಲ. ನಮ್ಮದು ಮಳೆ ಕಡಿಮೆಯಾದ ನಾಡು. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಿಮ್ಮ ಮನೆಗಳಲ್ಲಿದ್ದಾರೆ. ಬಾವಿ ಬತ್ತಿದವು, ದನಗಳು ಸತ್ತವು, ಹೊರದೇಶದ ಕೆಂಪು ಮಿಲೊ ಜೋಳವನ್ನು ಸರತಿಯಲ್ಲಿ ನಿಂತು ತಂದು ತಿಂದರು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು, ಮಣ್ಣು ಹೊತ್ತು, ಅಲ್ಲಿ ಕೊಡುವ ಸುಕಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಕ್ಕಳಿಗೆ ತಂದು ತಿನ್ನಿಸಿದರು. ಆ ಹಸಿವು ಮನಸ್ಸಿನ ಭ್ರಮೆಯಾಗಿರಲಿಲ್ಲ. ಅದಕ್ಕೆ ಔಷಧ ಕೆಲಸ ಮತ್ತು ಅನ್ನ. ಆ ಬರದ ಬೇಗೆಯಿಂದಲೇ ಮಹಾರಾಷ್ಟ್ರದಲ್ಲಿ ರೋಜಗಾರ ಹಮಿ ಬೆಳೆಯಿತು, 1977ರಲ್ಲಿ ಅದು ಕಾನೂನಾಯಿತು, 2005ರಲ್ಲಿ ಅಂಥದೇ ಒಂದು ಕಾನೂನು ಇಡೀ ದೇಶಕ್ಕೆ ಬಂತು.

ಆದ್ದರಿಂದ ಕೊರತೆ ಎರಡು ಬಗೆಯೆಂದು ತಿಳಿಯಿರಿ. ಹೊಟ್ಟೆಯ ಕೊರತೆ ಒಂದು. ಅದು ಉಂಡರೆ ತೀರುತ್ತದೆ. ಮನಸ್ಸಿನ ಕೊರತೆ ಇನ್ನೊಂದು. ಅದು ಉಂಡಷ್ಟೂ ಹೆಚ್ಚುತ್ತದೆ. ಮೊದಲನೆಯದು ಬಂದು ಹೋಗುವಾಗ ಎರಡನೆಯದನ್ನು ಮನೆಯೊಳಗೆ ಬಿಟ್ಟುಹೋಗುತ್ತದೆ. ಬರ ಹೋಗಿ 50 ವರ್ಷವಾದರೂ ಬರದ ಅಂಜಿಕೆ ಎದೆಯೊಳಗೆ ಬೇರುಬಿಟ್ಟಿರುತ್ತದೆ. ಮನೆ ತುಂಬ ಚೀಲಗಳಿದ್ದರೂ ಮುದುಕಿ ರಾತ್ರಿ ಎದ್ದು ಎಣಿಸುತ್ತಾಳೆ. ಅವಳನ್ನು ನಗಬೇಡಿರಿ. ಅವಳು ಕಂಡದ್ದನ್ನು ನಾವು ನೀವು ಕಂಡಿಲ್ಲ. ಆದರೆ ಅದೇ ಅಂಜಿಕೆ ಮೊಮ್ಮಗನ ಎದೆಗೆ ಇಳಿದು, ಅವನು ನೆರೆಯವನ ಬದುವನ್ನು ಒತ್ತರಿಸುವಂತೆ ಮಾಡಿದರೆ ಆಗ ಅದನ್ನು ರೋಗವೆಂದೇ ಕರೆಯಬೇಕು.

ಈ ಅಂಜಿಕೆ ಬುದ್ಧಿಯನ್ನು ಹೇಗೆ ಮಸುಕು ಮಾಡುತ್ತದೆಂಬುದನ್ನು ಈಗಿನ ವಿಜ್ಞಾನಿಗಳೂ ನೋಡಿದ್ದಾರೆ. ತಮಿಳುನಾಡಿನ 464 ಜನ ಕಬ್ಬಿನ ರೈತರನ್ನು ಕಬ್ಬು ಕಡಿಯುವ ಮೊದಲು ಒಮ್ಮೆ, ಕಬ್ಬಿನ ಹಣ ಕೈಗೆ ಬಂದ ಮೇಲೆ ಒಮ್ಮೆ ಪರೀಕ್ಷಿಸಿದರು. ಅದರ ವರದಿ 2013ರಲ್ಲಿ ಹೊರಬಂತು. ಅದೇ ಮನುಷ್ಯ, ಅದೇ ತಲೆ; ಆದರೆ ಕೈ ಬರಿದಾದ ದಿನಗಳಲ್ಲಿ ಒಗಟು ಬಿಡಿಸುವ, ಲಕ್ಷ್ಯವಿಡುವ ಕೆಲಸದಲ್ಲಿ ಹಿಂದೆ ಬಿದ್ದ. ಹಣ ಬಂದ ಮೇಲೆ ಸುಧಾರಿಸಿದ. ಬಡವನಿಗೆ ಬುದ್ಧಿ ಕಡಿಮೆ ಎಂದು ಹೇಳುವ ಸಾಹುಕಾರರು ಇದನ್ನು ಕಿವಿಗೊಟ್ಟು ಕೇಳಬೇಕು. ಚಿಂತೆ ತಲೆಯಲ್ಲಿ ಬಾಡಿಗೆಯಿಲ್ಲದೆ ವಾಸ ಮಾಡುತ್ತದೆ, ಒಳ್ಳೆಯ ವಿಚಾರಕ್ಕೆ ಜಾಗ ಬಿಡುವುದಿಲ್ಲ. ಒಕ್ಕಲುತನದವರಿಗೆ ಇದರಿಂದ ಒಂದು ಕಿವಿಮಾತು: ಹೊಲ ಮಾರುವುದು, ಮಗಳ ಲಗ್ನ ಗೊತ್ತುಮಾಡುವುದು, ಬೋರು ಹೊಡೆಸುವುದು, ದೊಡ್ಡ ಸಾಲ ತರುವುದು ಇವನ್ನೆಲ್ಲ ಕೈ ಬರಿದಾದ ದಿನಗಳಲ್ಲಿ ಒಬ್ಬರೇ ಕೂತು ನಿಶ್ಚಯಿಸಬೇಡಿರಿ. ಮನೆಯವರನ್ನು, ಹಿರಿಯರನ್ನು ಕೂಡಿಸಿ ಕೇಳಿರಿ. ಆಗದಿದ್ದರೆ ಸುಗ್ಗಿಯವರೆಗೆ ತಡೆಯಿರಿ.

ಲಕ್ಕಮ್ಮ ತಾಯಿಯ ಅಳತೆ

ಸಾಕೆಂಬ ಸಿರಿಯನ್ನು ನಮಗೆ ಕಲಿಸಿಕೊಟ್ಟವಳು ಅರಮನೆಯವಳಲ್ಲ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವ ಮನೆಯವಳು, ಆಯ್ದಕ್ಕಿ ಲಕ್ಕಮ್ಮ.

ಲಿಂಗಸೂಗೂರು ಕಡೆಯ ಅಮರೇಶ್ವರದಿಂದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯಲ್ಲಿ ದಿನವೂ ಅಸಂಖ್ಯಾತ ಜಂಗಮರಿಗೆ ದಾಸೋಹ. ಅಂಗಳದಲ್ಲಿ ಅಕ್ಕಿ ಚೆಲ್ಲುವುದು ಸಹಜ. ಆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕವಾಯಿತು. ತಂದ ಅಕ್ಕಿಯನ್ನು ಬೇಯಿಸಿ ಜಂಗಮಕ್ಕೆ ಉಣಿಸಿ, ಉಳಿದುದನ್ನು ಪ್ರಸಾದವೆಂದು ತಾವು ಉಣ್ಣುವುದು ಅವರ ನೇಮ.

ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಅವರನ್ನು ಪರೀಕ್ಷಿಸಲು ಬಸವಣ್ಣನವರೇ ಅಂದು ಹೆಚ್ಚು ಚೆಲ್ಲಿಸಿದ್ದರೆಂದೂ ಹೇಳುತ್ತಾರೆ. ಲಕ್ಕಮ್ಮ ಕಂಡಳು. ಇಂದಿನ ಮನೆಯವಳಾಗಿದ್ದರೆ "ಬಹಳ ಚಲೋ ಆತು, ನಾಳಿಗೂ ಆತು" ಎನ್ನುತ್ತಿದ್ದಳೇನೋ. ಲಕ್ಕಮ್ಮ ಹಾಗೆನ್ನಲಿಲ್ಲ. ಈ ಹೆಚ್ಚಿನ ಅಕ್ಕಿ ಎಲ್ಲಿಂದ ಬಂತು, ಯಾಕೆ ಬಂತು, ಇಷ್ಟು ತರಲು ಮನಸ್ಸು ಹೇಗೆ ಬಂತು ಎಂದು ಗಂಡನನ್ನು ಕೇಳಿದಳು. ನಮಗೆ ದಿನದಿನದ ಅಳತೆಯೇ ಸಾಕು, ಮಿಕ್ಕಿದ್ದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರಿ ಎಂದು ತಿರುಗಿ ಕಳಿಸಿದಳು. ಮಾರಯ್ಯನವರು ಸಿಟ್ಟಿಗೇಳದೆ ಹೋಗಿ ಸುರಿದು ಬಂದರು.

ಬಂಧುಗಳೇ, ಆ ತಾಯಿ ಕಂಡದ್ದು ಅಕ್ಕಿಯನ್ನಲ್ಲ, ಗಂಡನ ಮನಸ್ಸಿನಲ್ಲಿ ಹೊಕ್ಕ "ಸಾಲದು" ಎಂಬ ಕಳ್ಳನನ್ನು. ನಾಲ್ಕು ಸೇರು ಹೆಚ್ಚಿಗೆ ಬಂದರೆ ಏನು ಕೇಡು ಎಂದು ಕೇಳಬಹುದು. ಕೇಡು ಇದು: ಇಂದು ನಾಳೆಗೆಂದು ತಂದವನು ನಾಳೆ ನಾಡಿದ್ದಿಗೆಂದು ತರುತ್ತಾನೆ. ಆಮೇಲೆ ಚೆಲ್ಲಿದ ಅಕ್ಕಿ ಸಾಲದಾಗಿ, ಚೆಲ್ಲದ ಅಕ್ಕಿಯ ಕಡೆಗೆ ಕಣ್ಣು ಹೋಗುತ್ತದೆ. ಆಯುವವನು ಬಾಚುವವನಾಗುವುದಕ್ಕೆ ಬಹಳ ದಿನ ಬೇಕಿಲ್ಲ.

ಈ ಕತೆಯ ಮುಂದಿನ ಭಾಗವನ್ನೂ ಮರೆಯಬಾರದು. ಇದೇ ಬಡ ದಂಪತಿಗಳು ಬಸವಣ್ಣನವರನ್ನೂ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರನ್ನೂ ತಮ್ಮ ಗುಡಿಸಲಿಗೆ ಊಟಕ್ಕೆ ಕರೆದರು, ಆ ಹಿಡಿ ಅಕ್ಕಿಯಲ್ಲೇ ಎಲ್ಲರೂ ತೃಪ್ತರಾದರು ಎಂದು ಪುರಾಣ ಹೇಳುತ್ತದೆ. ಪವಾಡವನ್ನು ಪವಾಡವಾಗಿಯೇ ನಂಬುವವರು ನಂಬಲಿ. ನಾವು ಅದರೊಳಗಿನ ಕಾಳನ್ನು ನೋಡೋಣ. ನಾಲ್ಕು ಸೇರು ಅಕ್ಕಿಯನ್ನು ತಿರುಗಿ ಕಳಿಸಿದ ಮನೆ ಲಕ್ಷ ಜನರನ್ನು ಕರೆಯುವ ಧೈರ್ಯ ಮಾಡಿತು. ಕೂಡಿಟ್ಟವರಿಗೆ ಆ ಧೈರ್ಯ ಬರುವುದಿಲ್ಲ. ಕೂಡಿಟ್ಟವನು ನಾಲ್ಕು ಜನ ಬೀಗರು ಬಂದರೂ ಡಬ್ಬಿಯೊಳಗೆ ಇಣುಕಿ ನೋಡುತ್ತಾನೆ.

ಇದರ ಗುಟ್ಟು ನಿಮ್ಮ ಕೈಯಲ್ಲಿಯೇ ಇದೆ. ಇಷ್ಟಲಿಂಗವನ್ನು ಪೂಜಿಸುವಾಗ ಅಂಗೈಯನ್ನು ಬಿಚ್ಚಿ ಹಿಡಿಯುತ್ತೀರಿ. ಮುಷ್ಟಿ ಬಿಗಿದವನ ಕೈಯಲ್ಲಿ ಲಿಂಗ ಕೂಡುವುದಿಲ್ಲ. ಬಿಚ್ಚಿದ ಅಂಗೈಯೇ ಕರಸ್ಥಲ. ದಿನಕ್ಕೆ ಒಂದು ಸಲವಾದರೂ ಗುರುಗಳು ನಮ್ಮ ಮುಷ್ಟಿಯನ್ನು ಬಿಡಿಸಿ ಕೂಡಿಸಿದ್ದಾರೆ. ಪೂಜೆ ಮುಗಿಸಿ ಎದ್ದವನು ಹೊಸ್ತಿಲು ದಾಟಿದ ಕೂಡಲೇ ಮತ್ತೆ ಮುಷ್ಟಿ ಬಿಗಿದರೆ ಬೆಳಗಿನ ಪೂಜೆಯ ಫಲವೇನು? ನಮ್ಮ ಧರ್ಮದಲ್ಲಿ ಅನ್ನವು ಲಿಂಗಕ್ಕೆ ಅರ್ಪಿತವಾದ ಕೂಡಲೇ ಪ್ರಸಾದವಾಗುತ್ತದೆ. ಪ್ರಸಾದವನ್ನು ಯಾರಾದರೂ "ಇಷ್ಟೇ ಏನು?" ಎಂದು ಕೇಳುತ್ತಾರೆಯೆ? ಬೊಗಸೆಯಷ್ಟು ಬಂದರೂ ಕಣ್ಣಿಗೊತ್ತಿಕೊಳ್ಳುತ್ತೇವೆ, ಒಂದು ಅಗುಳೂ ಚೆಲ್ಲದಂತೆ ಉಣ್ಣುತ್ತೇವೆ. ಬಂದದ್ದನ್ನು ಗಳಿಕೆಯೆಂದು ನೋಡಿದರೆ ಸಾಲದು. ಪ್ರಸಾದವೆಂದು ನೋಡಿದರೆ ಸಾಕು.

ಸಿದ್ಧರಾಮರು ಕೆರೆ ಕಟ್ಟಿದರು

ಇಷ್ಟು ಕೇಳಿ "ಸಾಕೆಂದು ಸುಮ್ಮನೆ ಕೂಡಬೇಕೇನ್ರಿ?" ಎಂದು ನೀವು ಕೇಳುವುದು ನಮಗೆ ತಿಳಿಯುತ್ತದೆ. ಅದಕ್ಕೆ ಉತ್ತರ ಸೊಲ್ಲಾಪುರದ ನಡುಮಧ್ಯದಲ್ಲಿ ನೀರಾಗಿ ನಿಂತಿದೆ. ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಇಲ್ಲಿ ಹುಟ್ಟಿದ ಸಿದ್ಧರಾಮರು ಜನರಿಗೆ ಬರೀ ಸಮಾಧಾನದ ಮಾತು ಹೇಳಿ ಹೋಗಲಿಲ್ಲ. ಜನರನ್ನು ಕೂಡಿಸಿದರು, ಗುದ್ದಲಿ ಹಿಡಿದರು, ಕೆರೆ ಕಟ್ಟಿದರು. ನೂರಾರು ಕೈಗಳು ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಮಾಡಿದ ಕೆಲಸವದು. ಮಳೆ ಕಡಿಮೆಯಾದ ನಾಡಿನಲ್ಲಿ ನಿಂತು ಅವರು ಎಷ್ಟು ಕಡಿಮೆ ಬೀಳುತ್ತದೆಂದು ಅಳುವ ಬದಲು ಎಷ್ಟು ಹರಿದುಹೋಗುತ್ತದೆಂದು ನೋಡಿದರು. ಇಷ್ಟರಲ್ಲೇ ಎಲ್ಲ ಅಡಗಿದೆ.

ನಾವೂ ಒಮ್ಮೆ ಹಾಗೆ ನೋಡೋಣ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರು. ಕೆಲವು ವರ್ಷ ಅಷ್ಟೂ ಇಲ್ಲ. ಕೊಂಕಣಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ 500 ಮಿಲಿಮೀಟರು ಮಳೆ ಬಿದ್ದರೆ ಒಂದೇ ಎಕರೆಯ ಮೇಲೆ ಸುಮಾರು 20 ಲಕ್ಷ ಲೀಟರು ನೀರು ಬಿದ್ದಂತಾಯಿತು. ಐದು ಎಕರೆಯವನ ಹೊಲದ ಮೇಲೆ ಒಂದು ಕೋಟಿ ಲೀಟರು. ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಆರು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು ಸುಮಾರು 1 ಲಕ್ಷ 20 ಸಾವಿರ ಲೀಟರು. ಅಂದರೆ ಒಂದು ಎಕರೆಯ ಮಳೆ 16 ಮನೆಗಳ ವರ್ಷದ ನೀರಿಗೆ ಸಮ. ಎಲ್ಲವನ್ನೂ ಹಿಡಿಯಲಾಗದು, ಬಿಸಿಲು ಕುಡಿಯುತ್ತದೆ, ಹಳ್ಳ ಒಯ್ಯುತ್ತದೆ. ಆದರೆ ನಾಲ್ಕರಲ್ಲಿ ಒಂದು ಪಾಲು ಹಿಡಿದರೂ ಎಷ್ಟಾಯಿತು? ಬದುವು ಹಾಕಿರಿ, ಹಳ್ಳಕ್ಕೆ ಒಡ್ಡು ಕಟ್ಟಿರಿ, ಹಳೆಯ ಬಾವಿಯ ಹೂಳು ತೆಗೆಯಿರಿ. ಹೊಲದ ಮಣ್ಣಿಗೆ ಸಗಣಿಗೊಬ್ಬರ ಹಾಕಿದಷ್ಟೂ ಅದು ತೇವ ಹಿಡಿಯುತ್ತದೆ. ಹಸ್ತ-ಚಿತ್ತಿ ಮಳೆಯ ತೇವವೊಂದನ್ನೇ ನಂಬಿ ಬಿತ್ತಿದ ಮಾಲದಂಡಿ ಜೋಳ ಎರೆಭೂಮಿಯಲ್ಲಿ ತಲೆಯೆತ್ತರ ಬೆಳೆಯುವುದನ್ನು ಮಂಗಳವೇಢೆಯ ಬಯಲಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಇದರ ಎದುರಿಗೆ ಇನ್ನೊಂದು ಚಿತ್ರವಿಡುತ್ತೇವೆ. ಒಂದು ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರೆಂದು ತಿಳಿಯಿರಿ. ಅಪ್ಪ ತೋಡಿಸಿದ ಒಂದೇ ಬಾವಿ. ನಾಲ್ಕು ದಿನ ಅಣ್ಣನ ಪಾಳಿ, ನಾಲ್ಕು ದಿನ ತಮ್ಮನ ಪಾಳಿ. ಇಬ್ಬರಿಗೂ ಜೋಳ, ಕಡಲಿ, ಒಂದಿಷ್ಟು ಕಾಯಿಪಲ್ಯ ಬೆಳೆದು ಮನೆ ನಡೆಯುತ್ತಿತ್ತು. ಒಂದು ಬೇಸಿಗೆಯಲ್ಲಿ ಅಣ್ಣನಿಗೆ ಅಂಜಿಕೆ ಹೊಕ್ಕಿತು: ತಮ್ಮ ಹೆಚ್ಚು ಎತ್ತಿದರೆ ನನಗೇನು ಉಳಿದೀತು? ಸಾಲ ತಂದು 400 ಫೂಟು ಬೋರು ಹೊಡೆಸಿದ. ಬಾವಿಯ ನೀರು ಇಳಿಯಿತು. ತಮ್ಮ ಸುಮ್ಮನಿದ್ದಾನೆಯೆ? ಹೆಂಡತಿಯ ಬಂಗಾರ ಇಟ್ಟು 600 ಫೂಟು ಹೊಡೆಸಿದ. ಅಣ್ಣನ ಬೋರು ಬರೀ ಗಾಳಿ ಉಗುಳಿತು. ಈಗ ಬಾವಿಯೂ ಇಲ್ಲ, ಪಾಳಿಯೂ ಇಲ್ಲ, ಅಣ್ಣತಮ್ಮಂದಿರ ನಡುವೆ ಮಾತೂ ಇಲ್ಲ. ಇಬ್ಬರ ತಲೆಯ ಮೇಲೂ ಸಾಲ. ನೀರು ಸಾಲದೆ ಅವರು ಅಂಜಿದರೋ, ಅಂಜಿದ್ದರಿಂದ ನೀರು ಸಾಲದಾಯಿತೋ? ಈ ಅಣ್ಣತಮ್ಮಂದಿರು ಯಾವ ಊರಿನವರೆಂದು ಯಾರೂ ನಮ್ಮನ್ನು ಕೇಳಬೇಕಾಗಿಲ್ಲ. ನಿಮ್ಮ ಊರಿನ ಹೆಸರನ್ನೇ ಹಾಕಿ ಓದಿಕೊಳ್ಳಿರಿ.

ಕಬ್ಬಿನ ಮಾತೂ ಇದೇ. ಕಬ್ಬು ವರ್ಷಕ್ಕೆ 1500ರಿಂದ 2500 ಮಿಲಿಮೀಟರು ನೀರು ಬೇಡುವ ಬೆಳೆ. ಎಂದರೆ ಎಕರೆಗೆ 60 ಲಕ್ಷದಿಂದ 1 ಕೋಟಿ ಲೀಟರು. ಆಕಾಶ ಕೊಡುವುದು 20 ಲಕ್ಷ. ಉಳಿದದ್ದು ಕಾಲುವೆಯಿಂದ ಬರಬೇಕು, ಇಲ್ಲವೆ ನೆಲದ ಹೊಟ್ಟೆಯಿಂದ. ಕಾಲುವೆ ಇದ್ದವನು ಹನಿ ನೀರಾವರಿಯಿಂದ ಬೆಳೆದರೆ ಬೇರೆ ಮಾತು. ಕಾಲುವೆ ಇಲ್ಲದವನು ನೆರೆಯವನ ಟ್ರ್ಯಾಕ್ಟರು ಕಂಡು ಕಬ್ಬು ಹಾಕಿದರೆ ತನ್ನ ಮೊಮ್ಮಗನ ನೀರನ್ನು ಈಗಲೇ ಕುಡಿದಂತೆ. ಸರಕಾರದ ನೆರವಿನಿಂದ ಶೇತತಳೆ ತೋಡಿಸುತ್ತೀರಿ, ಸಂತೋಷ. ಮಳೆಯ ನೀರು ಹಿಡಿಯಲೆಂದು ತೋಡಿದ ಹೊಂಡಕ್ಕೆ ಬೋರಿನ ನೀರನ್ನು ಎತ್ತಿ ತುಂಬಿ ಬಿಸಿಲಿಗಿಟ್ಟರೆ? ಹೊಂಡ ಒಂದೇ. ಸಾಕೆಂಬವನ ಕೈಯಲ್ಲಿ ಅದು ಕೆರೆ, ಸಾಲದೆಂಬವನ ಕೈಯಲ್ಲಿ ಅದು ಕಳವು.

ಸಿದ್ಧರಾಮರ ಕತೆಯಲ್ಲಿ ಇನ್ನೊಂದು ಪಾಠವಿದೆ. ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದಾಗ, ಕೆರೆ ಗುಡಿಗಳನ್ನು ಕಟ್ಟಿಸುವುದರಲ್ಲೇ ಮುಳುಗಿದ್ದ ಸಿದ್ಧರಾಮರನ್ನು ಒಳಗಿನ ಕಡೆಗೆ ತಿರುಗಿಸಿದರು, ಕಲ್ಯಾಣಕ್ಕೆ ಕರೆದೊಯ್ದರು. ಪ್ರಭುದೇವರು ಕೆರೆಯನ್ನು ಹಳಿದರೆಂದು ನಾವು ತಿಳಿಯುವುದಿಲ್ಲ. ನಾನು ಇಷ್ಟು ಕಟ್ಟಿಸಿದೆ, ಇಷ್ಟು ಪುಣ್ಯ ಕೂಡಿತು, ಇನ್ನೂ ಸಾಲದು ಎಂದು ಎಣಿಸುವುದೂ ಒಂದು ಬಡತನವೇ. ಹಣ ಎಣಿಸುವವನಿಗಿಂತ ಪುಣ್ಯ ಎಣಿಸುವವನು ಬೇರೆಯವನಲ್ಲ. ಕೊಟ್ಟು ಮರೆಯುವುದೇ ದಾಸೋಹ.

ಹಗೇವಿನ ಬಾಯಿ

ವ್ಯಾಪಾರಸ್ಥರಾದ ಭಕ್ತರಿಗೆ ಈಗ ಎರಡು ಮಾತು. ಸಿಮೆಂಟಿನ ಗೋದಾಮು ಬರುವ ಮೊದಲು ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿ, ಸುತ್ತ ಹುಲ್ಲು ಕಟ್ಟಿ, ಜೋಳ ಸುರಿದು, ಮೇಲೆ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕೂಡಿಡುವುದು ತಪ್ಪೆಂದು ಶರಣರು ಹೇಳಲಿಲ್ಲ. ಬೀಜ ಇಡದವನು ಬಿತ್ತುವುದಾದರೂ ಏನನ್ನು? ಆದರೆ ಹಗೇವನ್ನು ತೆಗೆಯುವ ರೀತಿ ನಿಮ್ಮಲ್ಲಿ ಹಿರಿಯರಿಗೆ ಗೊತ್ತಿದೆ. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುವಂತಿಲ್ಲ. ಬಹಳ ದಿನ ಮುಚ್ಚಿಟ್ಟಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಇಳಿದವನ ಉಸಿರೂ ಆರುತ್ತದೆ. ಅನ್ನವೇ ತುಂಬಿದ ಜಾಗದಲ್ಲಿ ಮನುಷ್ಯ ಉಸಿರುಗಟ್ಟಿ ಸಾಯುತ್ತಾನೆ! ಬಹಳ ದಿನ ಮುಚ್ಚಿಟ್ಟ ತಿಜೋರಿಗೂ, ಬಹಳ ದಿನ ಮುಚ್ಚಿಟ್ಟ ಮನಸ್ಸಿಗೂ ಇದೇ ನಿಯಮ.

ನಿಮ್ಮ ಮಂಗಳವೇಢೆ ಸಾಮಾನ್ಯ ಊರಲ್ಲ. ಬಿಜ್ಜಳನ ರಾಜಧಾನಿಯಾಗಿದ್ದ ಆ ಊರಿನಲ್ಲಿಯೇ ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದರು. ಮುಂದೆ ಬಹಮನಿ ಸುಲ್ತಾನರ ಕಾಲದಲ್ಲಿ ಅದೇ ಊರಿನ ದಾಮಾಜಿ ಪಂತರು ಬರಗಾಲ ಬಿದ್ದಾಗ ಸರಕಾರದ ಕಣಜದ ಬಾಯಿ ತೆರೆದು ಹಸಿದವರಿಗೆ ಹಂಚಿದರೆಂದು ವಾರಕರಿ ಸಂತರು ಹಾಡಿ ಹೊಗಳಿದ್ದಾರೆ. ಒಬ್ಬರು ಲೆಕ್ಕವನ್ನು ಶುದ್ಧವಾಗಿಟ್ಟರು, ಒಬ್ಬರು ಕಣಜವನ್ನು ತೆರೆದರು. ವ್ಯಾಪಾರಿಗೆ ಈ ಎರಡೂ ಬೇಕು.

ತೂಕದಲ್ಲಿ ಅರ್ಧ ಕಿಲೊ ಮುರಿಯುವ ಅಡತಿಯವನು ಲಾಭ ಮಾಡಿದೆನೆಂದು ತಿಳಿಯುತ್ತಾನೆ. ಮುಂದಿನ ವರ್ಷ ಆ ರೈತ ಉಳ್ಳಾಗಡ್ಡಿಯ ಗಾಡಿಯನ್ನು ಪಕ್ಕದ ಅಂಗಡಿಯ ಮುಂದೆ ನಿಲ್ಲಿಸುತ್ತಾನೆ. ಮಾಲಿನ ಪಟ್ಟಿಯ ಹಣವನ್ನು ಅಂದೇ ಕೊಡುವವನ ಅಂಗಡಿಗೆ ದರ ಹತ್ತು ರೂಪಾಯಿ ಕಡಿಮೆಯಿದ್ದರೂ ಜನ ಬರುತ್ತಾರೆ. ನಂಬಿಕೆಯೆಂಬ ಬಂಡವಾಳಕ್ಕೆ ಬಡ್ಡಿ ಕಟ್ಟಬೇಕಾಗಿಲ್ಲ. ಗಿರಾಕಿಯನ್ನು ಹಂಚಿಕೊಂಡರೆ ನನ್ನ ಪಾಲು ಕಡಿಮೆಯಾದೀತೆಂದು ಅಂಜುವವನು ಪೇಟೆಯನ್ನೇ ತಿಳಿದವನಲ್ಲ. ಹತ್ತು ಅಂಗಡಿಗಳಿದ್ದಲ್ಲಿಗೆ ನೂರು ಹಳ್ಳಿಗಳು ಬರುತ್ತವೆ, ಒಂದೇ ಅಂಗಡಿಗೆ ಯಾರು ಬಂದಾರು?

ಜೇಬಿಲ್ಲದ ಅಂಗಿ

ಇವೆಲ್ಲ ಹಳೆಯ ಕಾಲದ ಮಾತಾಯಿತು, ಈಗ ಯಾರಿದ್ದಾರೆ ಎನ್ನುವವರಿಗೆ ದೂರ ಹೋಗಬೇಕಾಗಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳನ್ನು ನಿಮ್ಮಲ್ಲಿ ಬಹಳ ಜನ ಕಣ್ಣಾರೆ ಕಂಡಿದ್ದೀರಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅವರ ಪ್ರವಚನ ಕೇಳಿದ್ದೀರಿ. ಅವರ ಬಿಳಿಯ ಅಂಗಿಗೆ ಜೇಬು ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ತಮಗೆ ಸಮಾಧಿ ಗದ್ದುಗೆ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ಜೇಬೇ ಇಲ್ಲದವರ ಕೊನೆಯ ದರ್ಶನಕ್ಕೆ ಲಕ್ಷ ಲಕ್ಷ ಜನ ಬಂದರು. ಅವರಿಗೆ ಯಾವುದು ಕಡಿಮೆಯಾಗಿತ್ತು, ಹೇಳಿರಿ.

ಅವರು ಸನ್ಯಾಸಿಗಳು, ನಾವು ಸಂಸಾರಿಗಳು ಎನ್ನುತ್ತೀರಾ? 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಶಾಲೆಯ ಮಾಸ್ತರಿಕೆಯ ಬದುಕು ಬದುಕಿದವರು ಅವರಲ್ಲಿದ್ದರು. "ನಮ್ಮ ಕೈಯಲ್ಲಿ ಹಣ ಬಂದ ಮೇಲೆ ನೋಡೋಣ" ಎಂದಿದ್ದರೆ ಇಂದಿಗೂ ನೋಡುತ್ತಲೇ ಇರಬೇಕಾಗಿತ್ತು. ಅವರು ಇದ್ದುದರಿಂದಲೇ ಒಂದು ಶಾಲೆ ತೆರೆದರು. ಆಮೇಲೆ ಕೊಡುವ ಕೈಗಳು ತಾವಾಗಿ ಬಂದವು. ಸಾವಿರಾರು ಬಡ ಮಕ್ಕಳು ಆ ನೆರಳಿನಲ್ಲಿ ಓದಿ ಮುಂದೆ ಬಂದರು.

ಗಡಿಯಲ್ಲಿರುವ ನಿಮಗೆ ಇನ್ನೊಂದು ಕೊರತೆಯ ಮಾತು ಯಾವಾಗಲೂ ಬಾಯಲ್ಲಿ ಬರುತ್ತದೆ: "ನಾವು ಆ ಕಡೆಯವರೂ ಅಲ್ಲ, ಈ ಕಡೆಯವರೂ ಅಲ್ಲ." ಈ ಮಾತಿನ ಹಿಂದೆ ನಿಜವಾದ ನೋವಿದೆ. ಕನ್ನಡ ಶಾಲೆಗೆ ಮಾಸ್ತರರು ಬೇಕು, ಪುಸ್ತಕ ಬೇಕು, ಅದನ್ನು ಕೇಳಿ ಪಡೆಯಲೇಬೇಕು. ಆದರೆ ಮಕ್ಕಳ ಮುಂದೆ ಬರೀ ಈ ಮಾತನ್ನೇ ಹೇಳುತ್ತ ಹೋದರೆ ಅವರು ತಮ್ಮನ್ನು ಅರ್ಧ ಮನುಷ್ಯರೆಂದು ತಿಳಿಯುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಮಗುವಿಗೆ ಶರಣರ ವಚನವೂ ಉಂಟು, ಸಂತರ ಅಭಂಗವೂ ಉಂಟು. ಸಂಕ್ರಮಣದಲ್ಲಿ ಸೊಲ್ಲಾಪುರದ ಸಿದ್ಧರಾಮರ ಜಾತ್ರೆಗೆ ನಂದಿಧ್ವಜ ಹೊತ್ತು ನಡೆಯುವಾಗ ಯಾರ ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ. ಇದು ಎರಡು ಕಡೆ ಇಲ್ಲದವರ ಬಾಳಲ್ಲ, ಎರಡು ಕಡೆಯೂ ಉಳ್ಳವರ ಬಾಳು ಎಂದು ಮಕ್ಕಳಿಗೆ ಕಲಿಸಿರಿ.

ಮನೆಯಲ್ಲಿ ಮಾಡಬೇಕಾದದ್ದು

ಸಾಕೆಂಬುದು ಸೋಮಾರಿತನವಲ್ಲ, ಸೋಲೂ ಅಲ್ಲ. ಬೆಳೆಗೆ ನ್ಯಾಯವಾದ ದರ ಕೇಳುವುದು, ಪಾಲಿಗೆ ಬರಬೇಕಾದ ನೀರಿಗಾಗಿ ಹೋರಾಡುವುದು, ಕೂಲಿಯವನು ತನ್ನ ಪಗಾರ ಪೂರ್ತಿ ಕೇಳುವುದು ಇವು ಆಸೆಯಲ್ಲ, ನ್ಯಾಯ. ಸಾಕೆಂಬ ಮಾತನ್ನು ಮಾಲಕನು ಆಳಿಗೆ ಹೇಳಬಾರದು. ತನಗೆ ತಾನೇ ಹೇಳಿಕೊಳ್ಳಬೇಕು. ಹಾಗೆಯೇ ಸಾಲ ತಂದು ಬೀಗರ ಮುಂದೆ ಮೆರೆಯುವುದು ಸಮೃದ್ಧಿಯಲ್ಲ. ಅದು ಸಾಲದೆಂಬ ಬಡತನವೇ ಜರತಾರಿ ರುಮಾಲು ಸುತ್ತಿಕೊಂಡು ಬಂದದ್ದು.

ಕೇಳಿ ಬಿಡುವುದಕ್ಕಿಂತ ಮಾಡಿ ನೋಡುವುದು ಲೇಸು. ಆದಕಾರಣ ಈ ಸುಗ್ಗಿಯಿಂದ ನೀವು ಹಿಡಿಯಬೇಕಾದ ನಾಲ್ಕು ನೇಮಗಳನ್ನು ಹೇಳುತ್ತೇವೆ.

ಮೊದಲನೆಯದು, ಸಾಕಿನ ಅಳತೆ. ರಾಶಿಯಾದ ದಿನ ಗಂಡ ಹೆಂಡತಿ ಇಬ್ಬರೂ ಕೂತು ವರ್ಷದ ಊಟಕ್ಕೆ ಎಷ್ಟು, ಬೀಜಕ್ಕೆ ಎಷ್ಟು, ಮಕ್ಕಳ ಶಾಲೆಗೆ, ದವಾಖಾನೆಗೆ, ಸಾಲದ ಕಂತಿಗೆ, ಬರ ಬಂದರೆ ಎಂಬುದಕ್ಕೆ ಎಷ್ಟು ಎಂದು ಬರೆದಿಡಿರಿ. ಹೆಂಡತಿ ಬರೆಯಲಿ, ಲಕ್ಕಮ್ಮನ ಕಣ್ಣು ಅವಳಿಗಿದೆ. ಅಳತೆ ಬರೆಯದ ಮನೆಯಲ್ಲಿ ಅಂಜಿಕೆಗೆ ತಳವೇ ಸಿಗುವುದಿಲ್ಲ.

ಎರಡನೆಯದು, ಹಿಡಿಧಾನ್ಯ. ಬೆಳಿಗ್ಗೆ ಹಿಟ್ಟು ನಾದುವ ಮೊದಲು ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕಿರಿ. ಅದು ಮಠಕ್ಕೇ ಬರಬೇಕೆಂದು ನಾವು ಹೇಳುವುದಿಲ್ಲ. ನಿಮ್ಮ ಓಣಿಯಲ್ಲಿ ಒಲೆ ಹೊತ್ತದ ಮನೆಯಿದ್ದರೆ ಅದೇ ಮಠ. ಕೊಟ್ಟವರ ಹೆಸರು ಹೇಳದೆ ಕೊಡಿರಿ.

ಮೂರನೆಯದು, ನೀರು ಮತ್ತು ಕೆಲಸದ ಪಾಲು. ಹೊಸ ಬೋರು ಹೊಡೆಸುವ ಮೊದಲು ಅಕ್ಕಪಕ್ಕದ ಹೊಲದವರನ್ನು ಕರೆದು ಕೂಡ್ರಿಸಿರಿ. ಒಂದು ಬೋರಿನ ಹಣದಲ್ಲಿ ಎಷ್ಟು ಬದುವು, ಎಷ್ಟು ಒಡ್ಡು ಆಗುತ್ತದೆಂದು ಲೆಕ್ಕ ಮಾಡಿರಿ. ಮುಯ್ಯಾಳಿನ ಪದ್ಧತಿಯನ್ನು ತಿರುಗಿ ಹಚ್ಚಿರಿ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದರೆ ಕೂಲಿಯ ಆಳು ಸಿಗಲಿಲ್ಲವೆಂಬ ಚಿಂತೆ ಅರ್ಧಕ್ಕೆ ಇಳಿಯುತ್ತದೆ.

ನಾಲ್ಕನೆಯದು, ಲಗ್ನ. ಒಂದು ದಿನದ ಮೆರವಣಿಗೆಗೆ ಹತ್ತು ವರ್ಷದ ಸಾಲ ಬೇಡ. ಸಾಮೂಹಿಕ ವಿವಾಹದಲ್ಲಿ ಲಗ್ನವಾದ ಹೆಣ್ಣುಮಗಳು ಸಣ್ಣವಳಾಗುವುದಿಲ್ಲ. ಅನುಕೂಲಸ್ಥರು ಮೊದಲು ತಮ್ಮ ಮಕ್ಕಳನ್ನು ಆ ಹಂದರದಲ್ಲಿ ಕೂಡ್ರಿಸಲಿ. ಆಗ ಬಡವರಿಗೆ ಅಳುಕು ಇರುವುದಿಲ್ಲ.

ಈ ನಾಲ್ಕನ್ನೂ ಒಂದೇ ದಿನ ಹಿಡಿಯಲಾಗದಿದ್ದರೆ ಒಂದನ್ನೇ ಹಿಡಿಯಿರಿ. ಅಂಜಿಕೆ ಒಂದು ದಿನದಲ್ಲಿ ಬಂದದ್ದಲ್ಲ, ಒಂದು ದಿನದಲ್ಲಿ ಹೋಗುವುದೂ ಇಲ್ಲ. ಆದರೆ ಹಿಡಿಧಾನ್ಯದ ಗಡಿಗೆ ತುಂಬಿದ ದಿನ, ಇಷ್ಟು ತೆಗೆದಿಟ್ಟರೂ ನಮ್ಮ ಮನೆಯಲ್ಲಿ ಯಾರೂ ಉಪವಾಸ ಬೀಳಲಿಲ್ಲವೆಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಆ ದಿನ ಮನಸ್ಸು ತಾನಾಗಿಯೇ "ಸಾಕು" ಎನ್ನುತ್ತದೆ. ಅದನ್ನು ಯಾವ ಸ್ವಾಮಿಗಳೂ ಹೇಳಿಕೊಡಬೇಕಾಗುವುದಿಲ್ಲ.

ನಿಮ್ಮ ಹೊಲಗಳಲ್ಲಿ ತೆನೆ ತುಂಬಲಿ, ಬಾವಿಗಳಲ್ಲಿ ಸೆಲೆ ಏಳಲಿ, ಅಂಗಡಿಗಳಲ್ಲಿ ತಕ್ಕಡಿ ನೆಟ್ಟಗಿರಲಿ. ಮುನಿಸಿಕೊಂಡ ಅಣ್ಣತಮ್ಮಂದಿರು ಈ ಸಂಕ್ರಮಣಕ್ಕೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿ. ಬಸವಾದಿ ಶರಣರ ಕೃಪೆ ನಿಮ್ಮೆಲ್ಲರ ಮೇಲಿರಲೆಂದು ಹಾರೈಸುತ್ತೇವೆ.